ಬಲಗೈಯ ತಿದ್ದುಪಡಿ

ಓದುಗರು ಮೊದಲು ನನ್ನನ್ನು ಕ್ಷಮಿಸಬೇಕು. ಇದನ್ನು ಹೇಳಲು ನನಗಿಂತ ತಕ್ಕವರು ಇದ್ದರು. ಅವರು ಹೇಳದೆ ಹೋದರು, ಅಥವಾ ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ನನ್ನ ಓದು ಸಂಜೆ ಶಾಲೆಯ ಓದು. ಅದೂ ಯಾರೋ ನನಗೆಂದು ಕಲಿಸಿದ್ದಲ್ಲ, ಬೇರೆಯವರಿಗೆ ಕಲಿಸುವಾಗ ಕೇಳಿಸಿಕೊಂಡದ್ದು. ಹೀಗಿರುವಾಗ ಬರೆಯುವ ಧೈರ್ಯ ಮಾಡಬಹುದೇ ಎಂದು ಬಹಳ ಕಾಲ ಯೋಚಿಸಿದೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ ಕೇಳಿದ್ದನ್ನು ಕೇಳಿದೆ ಎಂದೂ ಹೇಳುತ್ತೇನೆ. ಎಲ್ಲಾದರೂ ಎರಡೂ ಬೆರೆತಿದ್ದರೆ ಅದು ನನ್ನ ತಪ್ಪು.

ನಾನು ಒಂದು ಅಚ್ಚಿನ ಬ್ಲಾಕು. ಹೆಬ್ಬೆರಳಿನಷ್ಟು ಎತ್ತರದ ಸೀಸದ ಚಿತ್ರ, ಅದರಡಿಗೆ ಮೊಳೆ ಹೊಡೆದು ಕೂರಿಸಿದ ಮರದ ತುಂಡು. ನನ್ನ ಮುಖದ ಮೇಲೆ ಒಬ್ಬ ಮನುಷ್ಯ ಓಡುತ್ತಿದ್ದಾನೆ. ಅವನ ಹೆಗಲ ಮೇಲೆ ಕೋಲು, ಕೋಲಿನ ತುದಿಯಲ್ಲಿ ಬಟ್ಟೆಯ ಗಂಟು. ಒಂದು ಕಾಲು ನೆಲದ ಮೇಲಿದೆ, ಇನ್ನೊಂದು ಗಾಳಿಯಲ್ಲಿದೆ.

ಅಮೆರಿಕದ ಫಿಲಡೆಲ್ಫಿಯಾ ನಗರದ ಒಂದು ಎರಕದ ಮನೆಯಲ್ಲಿ ನಾನು ಹುಟ್ಟಿದೆ. ಅಲ್ಲಿ ಅಚ್ಚುಕೂಟಗಳಿಗೆ ಬೇಕಾದ ಚಿಕ್ಕ ಚಿಕ್ಕ ಚಿತ್ರಗಳನ್ನು ಎರಕ ಹೊಯ್ಯುತ್ತಿದ್ದರು. ಹಡಗಿನ ಜಾಹೀರಾತಿಗೆ ಹಡಗು, ಮನೆ ಮಾರಾಟಕ್ಕೆ ಮನೆ, ಟೋಪಿ ಅಂಗಡಿಗೆ ಟೋಪಿ. ಓಡಿಹೋದ ಗುಲಾಮರ ಜಾಹೀರಾತಿಗೆ ನಾನು. ಒಂದೇ ಅಚ್ಚಿನಿಂದ ನನ್ನಂಥವರು ಎಷ್ಟೋ ಜನ ಹೊರಬಂದರು. ನಮ್ಮನ್ನು ಮಾಡಿದವನು ಕೆಟ್ಟವನೆಂದು ನನಗೆ ಅನ್ನಿಸಲಿಲ್ಲ. ಅವನು ಟೋಪಿಯ ಅಂಚನ್ನು ಎಷ್ಟು ಎಚ್ಚರದಿಂದ ಅರದಿಂದ ಉಜ್ಜಿದನೋ ನನ್ನ ಗಂಟನ್ನೂ ಅಷ್ಟೇ ಎಚ್ಚರದಿಂದ ಉಜ್ಜಿದ.

ಆ ಕಾಲದಲ್ಲಿ ಆ ದೇಶದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಲಾಮರಾಗಿ ಇಟ್ಟುಕೊಳ್ಳುವುದು ಕಾನೂನಿಗೆ ಒಪ್ಪಿದ ಸಂಗತಿಯಾಗಿತ್ತು. ಉತ್ತರದ ರಾಜ್ಯಗಳಲ್ಲಿ ಅದು ನಿಂತಿತ್ತು. ನನ್ನನ್ನು ಕೊಂಡದ್ದು ಮೇರಿಲ್ಯಾಂಡಿನ ಬಂದರಿನ ಊರೊಂದರ ಪತ್ರಿಕೆ. ಅಲ್ಲಿ ನನಗೆ ಬಿಡುವಿರಲಿಲ್ಲ. ಬಡಗಿ ಓಡಿಹೋದರೂ ನಾನೇ, ಮುದುಕ ಓಡಿಹೋದರೂ ನಾನೇ. ನನ್ನ ಕೆಳಗೆ ಅವರ ವಿವರ ಇರುತ್ತಿತ್ತು: ಇಷ್ಟು ಎತ್ತರ, ಬೆನ್ನ ಮೇಲೆ ಇಂಥ ಗುರುತು, ಮಾತಾಡುವಾಗ ನೆಲ ನೋಡುತ್ತಾನೆ, ಹೆಂಡತಿಯನ್ನು ಮಾರಿದ ಊರಿನ ಕಡೆ ಹೋಗಿರಬಹುದು. ಆಗ ನನಗೆ ಓದು ಬರುತ್ತಿರಲಿಲ್ಲ. ಈ ಮಾತುಗಳನ್ನು ಅಚ್ಚುಕೂಟದವರು ಗಟ್ಟಿಯಾಗಿ ಓದಿಕೊಂಡು ಅಚ್ಚಿನ ಮೊಳೆಗಳನ್ನು, ಅಂದರೆ ಸೀಸದ ಅಕ್ಷರಗಳನ್ನು, ಜೋಡಿಸುತ್ತಿದ್ದುದರಿಂದ ಗೊತ್ತು. ಹೀಗೆ ಅಚ್ಚಾಗಿ ಆಗಿ ನನ್ನ ಮೂಗು ಸವೆಯಿತು. ಆ ಪತ್ರಿಕೆ ಹೊಸ ಮೊಳೆಗಳನ್ನು ತರಿಸಿದಾಗ ನನ್ನನ್ನು ಹಳೆಯ ಸೀಸದ ಜೊತೆ ಪೆಟ್ಟಿಗೆಗೆ ತುಂಬಿ ವ್ಯಾಪಾರಿಯೊಬ್ಬನಿಗೆ ಕೊಟ್ಟುಬಿಟ್ಟರು.

ಆ ಪೆಟ್ಟಿಗೆ ತೆರೆದದ್ದು ಉತ್ತರದಲ್ಲಿ, ನ್ಯೂಯಾರ್ಕ್ ರಾಜ್ಯದ ಕೊನೆಯಲ್ಲಿ, ಆಂಟಾರಿಯೊ ಸರೋವರದ ದಂಡೆಯ ಒಂದು ಊರಿನಲ್ಲಿ. ಸರೋವರದ ಆಚೆ ಕೆನಡಾ. ಅಲ್ಲಿ ಜೋತಮ್ ಪೆರಿಮನ್ ಎಂಬ ಕಪ್ಪು ಮನುಷ್ಯರು ‘ಸರೋವರ ಸಾಕ್ಷಿ’ ಎಂಬ ವಾರಪತ್ರಿಕೆ ನಡೆಸುತ್ತಿದ್ದರು. ಗುಲಾಮಗಿರಿ ಕೊನೆಯಾಗಬೇಕು ಎನ್ನುವುದೇ ಆ ಪತ್ರಿಕೆಯ ಉದ್ದೇಶ. ಅವರ ಹೆಂಡತಿ ಹುಲ್ದಾ ಮೊಳೆ ಜೋಡಿಸುತ್ತಿದ್ದರು. ಅಬ್ನರ್ ಎಂಬ ಕಟ್ಟುಮಸ್ತಾದ ಮನುಷ್ಯ ಅಚ್ಚಿನ ಯಂತ್ರ ಎಳೆಯುತ್ತಿದ್ದ. ಅವನೂ ಒಂದು ಕಾಲಕ್ಕೆ ದಕ್ಷಿಣದಿಂದ ತಪ್ಪಿಸಿಕೊಂಡು ಬಂದವನೇ.

ಮೊಳೆಗಳ ರಾಶಿಯಿಂದ ನನ್ನನ್ನು ಮೊದಲು ಎತ್ತಿದವನು ಅಬ್ನರ್. ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

“ಹುಲ್ದಕ್ಕಾ, ಯಾರು ಬಂದಿದಾರೆ ನೋಡಿ. ನನ್ನ ಜಾಹೀರಾತಿನ ಮೇಲೆ ನಿಂತಿದ್ದ ಆಸಾಮಿ. ನನಗಿಂತ ಚೆನ್ನಾಗಿ ಓಡ್ತಾನೆ. ಗಂಟು ಬೇರೆ ಕಟ್ಟಿಕೊಂಡಿದಾನೆ. ನನ್ನ ಹತ್ರ ಗಂಟು ಕಟ್ಟೋಕೆ ಏನಿತ್ತು?”

“ಇಲ್ಲಿ ಕೊಡಿ ಅಬ್ನರಣ್ಣ.”

“ಕೊಡೋದೇನು, ಕರಗಿಸಿಬಿಡೋಣ. ಒಂದಷ್ಟು ಪೂರ್ಣವಿರಾಮ ಆಗ್ತಾನೆ. ಸಂಪಾದಕರ ವಾಕ್ಯ ಮುಗಿಯೋದೇ ಇಲ್ಲ, ಉಪಯೋಗಕ್ಕೆ ಬರುತ್ತೆ.”

ಹುಲ್ದಾ ನಗಲಿಲ್ಲ. ನನ್ನನ್ನು ಅಂಗೈಯಲ್ಲಿ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರು. “ಬೇಡ. ಅವರ ಜಾಹೀರಾತನ್ನ ಅವರ ಚಿತ್ರದ ಜೊತೆಗೇ ಹಾಕೋಣ. ಆಗ ನಾವು ಕಟ್ಟಿದ ಕಥೆ ಅಂತ ಯಾರೂ ಅನ್ನೋಕಾಗಲ್ಲ” ಎಂದರು. ಹೀಗೆ ನಾನು ಉಳಿದೆ.

ಆ ಪತ್ರಿಕೆಯ ಕೆಲಸದ ರೀತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ಆಗ ಪತ್ರಿಕೆಗಳವರು ತಮ್ಮ ಸಂಚಿಕೆಗಳನ್ನು ಒಬ್ಬರಿಗೊಬ್ಬರು ಅಂಚೆಯಲ್ಲಿ ಕಳಿಸಿಕೊಳ್ಳುವ ಪದ್ಧತಿ ಇತ್ತು. ಹಾಗೆ ದಕ್ಷಿಣದ ಪತ್ರಿಕೆಗಳೂ ಒಂದಲ್ಲ ಒಂದು ಕೈಯಿಂದ ಪೆರಿಮನ್ನರ ಮೇಜಿಗೆ ಬರುತ್ತಿದ್ದವು. ಅವುಗಳಲ್ಲಿ ಬಂದ ಓಡಿಹೋದವರ ಜಾಹೀರಾತುಗಳನ್ನು ಅವರು ಒಂದಕ್ಷರ ಬದಲಿಸದೆ ಮತ್ತೆ ಅಚ್ಚು ಹಾಕಿ, ಕೆಳಗೆ ತಮ್ಮ ಮಾತು ಸೇರಿಸುತ್ತಿದ್ದರು. ಬೆನ್ನ ಮೇಲಿನ ಗುರುತನ್ನು ಒಡೆಯನೇ ಬರೆದುಕೊಟ್ಟಿದ್ದಾನಲ್ಲ, ಆ ಗುರುತು ಹೇಗೆ ಬಂತೆಂದು ಓದುಗರೇ ಯೋಚಿಸಲಿ ಎನ್ನುತ್ತಿದ್ದರು. ಜಾಹೀರಾತಿನ ಮೇಲೆ ನಾನು ನಿಲ್ಲುತ್ತಿದ್ದೆ. ಓಡಿಬಂದವರು ಅಚ್ಚುಕೂಟಕ್ಕೆ ಬಂದು ತಮ್ಮ ಕಥೆ ಹೇಳಿದರೆ ಅದನ್ನೂ ಹಾಕುತ್ತಿದ್ದರು. ಆದರೆ ಹೆಸರಿಲ್ಲ, ಊರಿಲ್ಲ, ಯಾವ ಹೊಳೆ ದಾಟಿದರು, ಯಾರು ಊಟ ಹಾಕಿದರು ಎಂಬುದಿಲ್ಲ. ಏಕೆಂದರೆ ಆ ಪತ್ರಿಕೆಯನ್ನು ಗುಲಾಮರನ್ನು ಹಿಡಿಯುವವರೂ ಓದುತ್ತಿದ್ದರು.

ಪೆರಿಮನ್ನರಿಗೆ ಒಂದು ಭಯವಿತ್ತು. ಕಪ್ಪು ಸಂಪಾದಕರು ಬರೆಯುವುದೆಲ್ಲ ಕಟ್ಟುಕಥೆ ಎಂದು ಗುಲಾಮಗಿರಿಯ ಪಕ್ಷದ ಪತ್ರಿಕೆಗಳು ವಾರವಾರವೂ ಬರೆಯುತ್ತಿದ್ದವು. “ಒಂದು ತಪ್ಪು ಸಿಕ್ಕಿದ್ರೆ ಸಾಕು, ಎಲ್ಲಾನೂ ಸುಳ್ಳು ಅಂತಾರೆ. ಅವರು ಹುಡುಕೋಕೆ ಮುಂಚೆ ನಾವೇ ಹುಡುಕಿಬಿಡಬೇಕು” ಎಂದು ಅವರು ಹೇಳುತ್ತಿದ್ದರು. ಕರಡಚ್ಚನ್ನು ಮೂವರೂ ಬೇರೆ ಬೇರೆ ಕೂತು ಓದಬೇಕು. ಅಷ್ಟಾದರೂ ತಪ್ಪು ಉಳಿದರೆ ಮುಂದಿನ ವಾರ ಅದೇ ಜಾಗದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ತಿದ್ದುಪಡಿ ಬರಬೇಕು. ಬೇರೆ ಪತ್ರಿಕೆಗಳು ತಿದ್ದುಪಡಿಯನ್ನು ಕೊನೆಯ ಪುಟದ ಮೂಲೆಯಲ್ಲಿ ಬಚ್ಚಿಡುತ್ತಿದ್ದವು. ಇವರು ಪಾದ್ರಿಯ ಉಪದೇಶ ಬುಧವಾರವಲ್ಲ ಗುರುವಾರ ಎಂಬುದನ್ನೂ ಮೊದಲ ಪುಟದಲ್ಲಿ ತಿದ್ದುತ್ತಿದ್ದರು. ಊರಿನ ದೊಡ್ಡ ಮನುಷ್ಯ ವಿಟ್‌ಬೆಕ್ ಅವರ ತಂದೆ ತೀರಿಕೊಂಡಾಗ ವಯಸ್ಸು ಎಪ್ಪತ್ತೊಂದು ಎಂದು ಹಾಕಿದ್ದರು. ಯಾರೂ ಕೇಳದಿದ್ದರೂ ಎಪ್ಪತ್ತೆರಡು ಎಂದು ಮುಂದಿನ ವಾರ ತಿದ್ದಿದರು.

“ನಮ್ಮಲ್ಲಿ ಬರೀ ತಿದ್ದುಪಡಿ ಓದೋಕೇ ಚಂದಾ ಕಟ್ಟಿರೋರಿದಾರೆ” ಎಂದು ಅಬ್ನರ್ ತಮಾಷೆ ಮಾಡುತ್ತಿದ್ದ. ಪೆರಿಮನ್ನರು ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದರು.

ಸಂಜೆ ಯಂತ್ರ ನಿಂತ ಮೇಲೆ ಹುಲ್ದಾ ಅದೇ ಕೋಣೆಯಲ್ಲಿ ದೊಡ್ಡವರಿಗೆ ಶಾಲೆ ನಡೆಸುತ್ತಿದ್ದರು. ದಕ್ಷಿಣದಲ್ಲಿ ಗುಲಾಮರು ಅಕ್ಷರ ಕಲಿಯುವುದು ಎಷ್ಟೋ ಕಡೆ ನಿಷೇಧವಾಗಿತ್ತು. ಹಾಗಾಗಿ ಬಂದವರೆಲ್ಲ ಬೆಳೆದ ಮಕ್ಕಳ ತಾಯಂದಿರು, ನರೆತ ಗಂಡಸರು. ಮೇಜಿನ ಮೇಲೆ ದೊಡ್ಡ ಮೊಳೆಗಳನ್ನು ಸಾಲಾಗಿಟ್ಟು ಅಕ್ಷರ ತೋರಿಸುತ್ತಿದ್ದರು. ನನ್ನ ಜಾಗವೂ ಆ ಮೇಜೇ. ನಾನು ಕಲಿತದ್ದು ಅಲ್ಲಿ. ಅಚ್ಚಿನ ಮೊಳೆಗಳಲ್ಲಿ ಅಕ್ಷರ ತಿರುಗುಮುರುಗಾಗಿರುತ್ತದೆ, ನಾನೂ ಹಾಗೇ ಇದ್ದೇನೆ. ಆದ್ದರಿಂದ ಕಾಗದದ ಮೇಲಿನ ನೇರ ಬರಹ ಓದಲು ನನಗೆ ಉಳಿದವರಿಗಿಂತ ಹೆಚ್ಚು ಕಾಲ ಹಿಡಿಯಿತು.

ಕೆಜಾಯ ಬಂದದ್ದು ಒಂದು ಶರತ್ಕಾಲದಲ್ಲಿ. ಮೇರಿಲ್ಯಾಂಡಿನಿಂದ ತಪ್ಪಿಸಿಕೊಂಡು ಬಂದಿದ್ದಳು. ಊರಿನಲ್ಲಿ ಬೇರೆ ಹೆಸರು ಹೇಳಿಕೊಂಡಿದ್ದಳು. ಇಲ್ಲಿ ನಾನು ನಿಜವಾದ ಹೆಸರನ್ನೇ ಬರೆಯುತ್ತೇನೆ, ಈಗ ಅದರಿಂದ ಯಾರಿಗೂ ತೊಂದರೆಯಿಲ್ಲ. ಹೋಟೆಲೊಂದರ ಬಟ್ಟೆ ಒಗೆಯುವ ಮನೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಕೆನಡಾಕ್ಕೆ ದಾಟಿಬಿಡು, ಅಲ್ಲಿ ಯಾರೂ ಹಿಡಿಯುವಂತಿಲ್ಲ ಎಂದು ಹುಲ್ದಾ ಹೇಳಿದರು.

“ಅಷ್ಟು ದೂರ ನಡೆದು ಬಂದಿದೀನಿ ಅಕ್ಕ. ನನ್ನ ಹೆಸರು ಬರೆಯೋಕೆ ಕಲಿತ ಮೇಲೆ ಹೋಗ್ತೀನಿ. ಅಲ್ಲಿ ಹೋದ್ರೆ ಹೆಬ್ಬೆಟ್ಟು ಒತ್ತೋದು ಬೇಡ” ಎಂದಳು. ಅವಳು ಕಲಿತು ಮುಗಿಸುವ ಮೊದಲೇ ಚಳಿ ಬಂತು. ದೋಣಿಗಳು ನಿಂತವು.

ಒಂದು ಸಂಜೆ ಶಾಲೆ ನಡೆಯುತ್ತಿರುವಾಗ ಪೆರಿಮನ್ನರು ದಕ್ಷಿಣದ ಪತ್ರಿಕೆಯೊಂದನ್ನು ಹಿಡಿದುಕೊಂಡು ಒಳಬಂದರು. ಕೆಜಾಯಳ ಜಾಹೀರಾತು ಅದರಲ್ಲಿತ್ತು. ಅವಳು ಓದಿ ಎಂದಳು. ಅವರು ಓದಿದರು: “ಇಸ್ತ್ರಿ ಕೆಲಸ ಬಲ್ಲವಳು. ಎಡಗೈಯ ಹಿಂಬದಿಯಲ್ಲಿ ದೊಡ್ಡ ಸುಟ್ಟ ಕಲೆ. ತನ್ನದೇ ಅಜಾಗರೂಕತೆಯಿಂದ ಮಾಡಿಕೊಂಡದ್ದು.”

“ಎಡಗೈ ಅಂತಾನಾ?”

“ಎಡಗೈ ಅಂತಲೇ ಇದೆ ತಂಗಿ.”

ಕೆಜಾಯ ತನ್ನ ಎರಡೂ ಕೈಗಳನ್ನು ಮೇಜಿನ ಮೇಲೆ, ನನ್ನ ಪಕ್ಕದಲ್ಲೇ ಇಟ್ಟಳು. ಕಲೆ ಇದ್ದದ್ದು ಬಲಗೈಯಲ್ಲಿ. ಎಡಬಲದ ವಿಷಯದಲ್ಲಿ ನನಗೆ ನನ್ನ ಮೇಲೆ ನಂಬಿಕೆ ಕಡಿಮೆ. ಅದಕ್ಕೇ ಅವಳು ಯಾವ ಕೈಯಲ್ಲಿ ಬರೆಯುತ್ತಾಳೆಂದು ನೋಡಿ ಖಚಿತ ಮಾಡಿಕೊಂಡೆ. ಬಲಗೈಯೇ. ಮಣಿಕಟ್ಟಿನಿಂದ ಬೆರಳುಗಳ ಬುಡದವರೆಗೆ, ಒಂದು ಕಡೆ ಚೂಪಾಗಿ, ಇಸ್ತ್ರಿ ಪೆಟ್ಟಿಗೆಯ ಆಕಾರದಲ್ಲೇ ಇತ್ತು.

“ಎಷ್ಟು ವರ್ಷ ಈ ಕೈಯಲ್ಲಿ ಅವನಿಗೆ ಅಂಗಿ ತಂದುಕೊಟ್ಟಿದೀನಿ” ಎಂದಳು. “ಅಂಗಿ ನೋಡಿದಾನೆ, ಕೈ ನೋಡಿಲ್ಲ.”

ಅಬ್ನರ್ ಜೋರಾಗಿ ನಕ್ಕ. ಅವಳೂ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

“ಎಡಗೈ ಅಂದದ್ದು ಹೋಗ್ಲಿ ಅಣ್ಣ. ಅಜಾಗರೂಕತೆ ಅಂತ ಬರೆಸಿದಾನಲ್ಲ. ಆಗ ಅಮ್ಮಾವರು ಇದ್ರು, ಈಗ ಸತ್ತುಹೋಗಿದಾರೆ. ಕಾಲರಿನ ಮಡಿಕೆ ಹೀಗಲ್ಲ, ಹೀಗೆ ಅಂತ ಕಾದ ಪೆಟ್ಟಿಗೆನ ನನ್ನ ಕೈ ಮೇಲೆ ಒತ್ತಿ ತೋರಿಸಿದ್ರು. ಅದನ್ನ ಹಾಕಿ ಪೇಪರಿನಲ್ಲಿ. ಹೆಸರು ಹಾಕ್ಬೇಡಿ, ಊರು ಹಾಕ್ಬೇಡಿ. ಅಜಾಗರೂಕತೆ ಅಲ್ಲ ಅಂತ ಮಾತ್ರ ಹಾಕಿ. ನಾನು ಜನ್ಮದಲ್ಲಿ ಒಂದು ಅಂಗಿ ಸುಟ್ಟವಳಲ್ಲ.”

ಪೆರಿಮನ್ನರು ಪ್ರಶ್ನೆ ಕೇಳಿದರು, ಮತ್ತೆ ಕೇಳಿದರು, ಬರೆದದ್ದನ್ನು ಅವಳಿಗೆ ಓದಿ ಹೇಳಿದರು. ಮುಂದಿನ ಸಂಚಿಕೆಯಲ್ಲಿ ಆ ಜಾಹೀರಾತು ಬಂತು. ಮೇಲೆ ನಾನು. ಕೆಳಗೆ ಪೆರಿಮನ್ನರ ಮಾತು: “ಕಲೆ ಇರುವುದು ಎಡಗೈಯಲ್ಲಲ್ಲ, ಬಲಗೈಯಲ್ಲಿ. ಅದು ಅಜಾಗರೂಕತೆಯಿಂದ ಆದದ್ದಲ್ಲ. ಕಾಲರಿನ ಮಡಿಕೆ ತೋರಿಸುತ್ತೇನೆಂದು ಕಾದ ಇಸ್ತ್ರಿ ಪೆಟ್ಟಿಗೆಯನ್ನು ಒಡತಿಯೇ ಆ ಕೈಯ ಮೇಲೆ ಒತ್ತಿದಳು.” ಮೂವರೂ ಕರಡಚ್ಚು ಓದಿದರು. ಹೆಸರಿದೆಯೇ ಎಂದು ಹುಡುಕಿದರು, ಇರಲಿಲ್ಲ. ಊರಿದೆಯೇ, ದಾರಿಯಿದೆಯೇ, ಸಹಾಯ ಮಾಡಿದವರ ಸುಳಿವಿದೆಯೇ ಎಂದು ನೋಡಿದರು, ಇರಲಿಲ್ಲ. ಕೆಜಾಯ ಆ ವಾಕ್ಯಗಳ ಮೇಲೆ ಬೆರಳಿಟ್ಟು ಒಂದೊಂದೇ ಪದ ಓದಿದಳು. ‘ಅಲ್ಲ’ ಎಂಬ ಪದ ಅವಳಿಗೆ ಸುಲಭವಾಗಿ ಸಿಕ್ಕಿತು.

ಹಿಮ ಬೀಳುತ್ತಿದ್ದ ಒಂದು ಸೋಮವಾರ ಟ್ರಿಗ್ ಎಂಬುವನು ಅಚ್ಚುಕೂಟಕ್ಕೆ ಬಂದ. ಬಿಳಿಯ, ಮೃದು ಮಾತಿನ ಮನುಷ್ಯ. ಬೂಟಿನ ಹಿಮವನ್ನು ಹೊರಗೇ ಕೊಡವಿ, ಟೋಪಿ ತೆಗೆದು ಒಳಬಂದ. ಕೈಯಲ್ಲಿ ಆ ಸಂಚಿಕೆ ಇತ್ತು.

“ಸಂಪಾದಕರು ನೀವೇನಾ? ನಿಮ್ಮ ಪೇಪರು ಬಹಳ ನಿಖರ. ನಮ್ಮ ಕಡೆಯವರಿಗೆ ಇಷ್ಟು ಶ್ರದ್ಧೆ ಇಲ್ಲ.”

ಪೆರಿಮನ್ನರು ಏನು ಬೇಕೆಂದು ಕೇಳಿದರು.

“ಏನೂ ಬೇಡ, ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ಇಸ್ತ್ರಿ ಹೆಂಗಸಿನ ಯಜಮಾನರಿಗೆ ವಯಸ್ಸಾಗಿದೆ, ಈ ಚಳಿಯಲ್ಲಿ ಬರೋಕಾಗಲ್ಲ. ಆ ಹೆಂಗಸಿನ ಮುಖ ನಾನು ನೋಡಿಲ್ಲ. ನನ್ನ ಹತ್ರ ಇರೋದು ಕೋರ್ಟಿನ ಕಾಗದ ಒಂದೇ. ಅದರಲ್ಲಿ ಎಡಗೈ ಅಂತಿದೆ. ನೀವು ತಿದ್ದದೇ ಹೋಗಿದ್ರೆ ಎಡಗೈ ಸುಟ್ಟವಳನ್ನ ಹುಡುಕ್ಕೊಂಡು ಅಲೀತಿದ್ದೆ.”

“ಈ ಊರಲ್ಲಿ ಕೈ ಸುಟ್ಟುಕೊಳ್ಳದೇ ಇರೋ ಹೆಂಗಸು ಸಿಕ್ಕಿದ್ರೆ ನನಗೂ ತೋರಿಸಿ ಸ್ವಾಮಿ” ಎಂದ ಅಬ್ನರ್, ಯಂತ್ರದ ಹಿಂದಿನಿಂದ. “ನಮ್ಮವರೆಲ್ಲ ಒಲೆ ಮುಂದೇ ಇರೋರು.”

“ಇರಬಹುದಪ್ಪ. ಆದ್ರೆ ಇಷ್ಟು ಖಚಿತವಾಗಿ ಬರೆದೋರು ಕೈ ನೋಡಿರಲೇಬೇಕು. ಕೈ ನೋಡಿದಾರೆ ಅಂದ್ರೆ ಕೈ ಈ ಊರಲ್ಲೇ ಇರ್ಬೇಕು.” ಅವನು ಟೋಪಿ ಹಾಕಿಕೊಂಡು ಹೊರಟ. ಎದುರು ಬೀದಿಯಲ್ಲಿ ಅವನ ಕಡೆಯ ಇನ್ನೊಬ್ಬ ನಿಂತಿದ್ದು ಕಿಟಕಿಯಿಂದ ಕಾಣುತ್ತಿತ್ತು.

ಆಗಿನ ಹೊಸ ಕಾನೂನಿನ ಪ್ರಕಾರ ದಕ್ಷಿಣದವರು ಉತ್ತರಕ್ಕೇ ಬಂದು ಓಡಿಹೋದವರನ್ನು ಹಿಡಿಯಬಹುದಿತ್ತು. ಹಿಡಿದವರನ್ನು ಕಮಿಷನರ್ ಎಂಬ ಅಧಿಕಾರಿಯ ಮುಂದೆ ನಿಲ್ಲಿಸಬೇಕು. ಅವನು ಒಡೆಯನ ಕೋರ್ಟಿನ ಕಾಗದದಲ್ಲಿರುವ ಗುರುತನ್ನು ಎದುರಿಗಿರುವ ಮನುಷ್ಯನೊಂದಿಗೆ ಹೋಲಿಸಿ ನೋಡಬೇಕು. ಸಿಕ್ಕಿಬಿದ್ದವರು ತಮ್ಮ ಪರವಾಗಿ ಬಾಯಿ ಬಿಡುವ ಹಾಗಿಲ್ಲ. ಕಾಗದದಲ್ಲಿ ಎಡಗೈ ಎಂದೇ ಇದ್ದುದರಿಂದ ಕೆಜಾಯ ಎರಡೂ ಕೈ ಚಾಚಿ ಸುಮ್ಮನೆ ನಿಂತರೂ ಸಾಕಿತ್ತು. ಒಡೆಯನ ತಪ್ಪೇ ಅವಳನ್ನು ಕಾಯುತ್ತಿತ್ತು. ಆ ತಪ್ಪನ್ನು ಈ ಮೂವರು ಸೇರಿ ತಿದ್ದಿಕೊಟ್ಟಿದ್ದರು. ನನಗೂ ಇದು ಟ್ರಿಗ್ ಬಾಗಿಲು ಮುಚ್ಚಿಕೊಂಡು ಹೋದ ಮೇಲೆಯೇ ಹೊಳೆಯಿತು.

ಪೆರಿಮನ್ನರು ಮುಕ್ಕಾಲಿಯ ಮೇಲೆ ಕೂತುಬಿಟ್ಟರು. ಹುಲ್ದಾ ಅವರ ಎದುರಿಗೆ ಬಂದು ನಿಂತರು.

“ತಿದ್ದುಪಡಿ ಹಾಕಿ.”

“ಯಾವುದಕ್ಕೆ?”

“ಬಲಗೈಗೆ.”

“ಅದು ಸರಿಯಾಗಿದೆ ಹುಲ್ದಾ.”

“ಗೊತ್ತು. ಅದಕ್ಕೇ ಹೇಳ್ತಿರೋದು.”

ಅವರು ಎದ್ದು ಅತ್ತಿತ್ತ ನಡೆದರು. “ನಮಗೆ ಕೆಲವು ಸಂದೇಹಗಳು ಬಂದಿವೆ ಅಂತ ಬರೆದ್ರೆ? ಸಂದೇಹ ಅಂದ್ರೆ ಪೂರ್ತಿ ಸುಳ್ಳಾಗಲ್ಲ.”

“ಸಂದೇಹ ಸಾಲದು. ಕಮಿಷನರು ಓದಿದ್ರೆ ಈ ಸಂಪಾದಕನಿಗೆ ಏನೂ ಗೊತ್ತಿರಲಿಲ್ಲ ಅನ್ನಿಸ್ಬೇಕು. ನೀವು ಕೈ ನೋಡಿಲ್ಲ. ಯಾರೋ ಹೇಳಿದ್ದನ್ನ ಕೇಳಿ ಬರೆದಿರಿ. ಇಸ್ತ್ರಿ ಪೆಟ್ಟಿಗೆ ವಿಷಯಾನೂ ಅಷ್ಟೇ.”

“ಇಸ್ತ್ರಿ ಪೆಟ್ಟಿಗೆನೂನಾ? ಅದೊಂದನ್ನ ತಾನೇ ಅವಳು ಕೇಳಿದ್ದು.”

“ಅದನ್ನ ಹಾಗೇ ಉಳಿಸಿದ್ರೆ ಅರ್ಧ ತಿದ್ದಿದಂಗೆ ಕಾಣುತ್ತೆ. ಯಾರೂ ನಂಬಲ್ಲ.”

“ಇದೊಂದು ಅಚ್ಚಾದ್ರೆ ನಾಳೆ ನಾನು ಯಾರ ಕಥೆ ಹಾಕಿದ್ರೂ, ಇವನೇ ಅಲ್ವಾ ಕಟ್ಟುಕಥೆ ಬರೆದು ಸಿಕ್ಕಿಬಿದ್ದೋನು ಅಂತಾರೆ. ಮುಂದೆ ಬರೋರಿಗೆ ಏನು ಹೇಳ್ಲಿ?”

“ಮುಂದೆ ಬರೋರು ಇನ್ನೂ ಬಂದಿಲ್ಲ. ಕೆಜಾಯ ಬಂದಿದಾಳೆ.”

ಅಬ್ನರ್ ಯಂತ್ರದ ಹಿಂದಿನಿಂದ ಈಚೆ ಬಂದ. “ಆಯಮ್ಮನ್ನ ಒಂದು ಮಾತು ಕೇಳ್ಬೇಡ್ವಾ ಸಂಪಾದಕರೇ? ಅವರ ಕೈ ಅದು.”

“ಎದುರಿಗೆ ನಿಂತಿರೋನು ಕಾಣ್ತಿಲ್ವಾ?” ಎಂದರು ಹುಲ್ದಾ. “ನಾವು ಯಾರ ಬಾಗಿಲಿಗೆ ಹೋದ್ರೆ ಅದೇ ಮನೆಗೆ ಅವನೂ ಹೋಗ್ತಾನೆ.”

ಹೀಗೆ ಅವಳನ್ನು ಕೇಳಲಿಲ್ಲ. ಅವರು ಬೇರೇನಾದರೂ ಮಾಡಬಹುದಿತ್ತೇ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನನಗೆ ಹೊಳೆದಿಲ್ಲ. ನನ್ನ ಬುದ್ಧಿ ದೊಡ್ಡದೇನಲ್ಲ.

ಆ ಮೊಳೆಗಳನ್ನು ಪೆರಿಮನ್ನರು ಹುಲ್ದಾ ಕೈಗೆ ಕೊಡದೆ ತಾವೇ ಜೋಡಿಸಿದರು. ಅವರ ಕೈ ನಿಧಾನ. “ತಿದ್ದುಪಡಿ. ಹಿಂದೆ ನಾವು ಅಚ್ಚು ಹಾಕಿದ ಇಸ್ತ್ರಿ ಹೆಂಗಸಿನ ವಿಷಯದಲ್ಲಿ ತಪ್ಪು ಬರೆದಿದ್ದೇವೆ. ಆ ಹೆಂಗಸನ್ನು ನಾವು ನೋಡಿಲ್ಲ. ದಾರಿಹೋಕರೊಬ್ಬರ ಮಾತು ಕೇಳಿ ಬಲಗೈ ಎಂದೆವು. ಒಡತಿ ಇಸ್ತ್ರಿ ಪೆಟ್ಟಿಗೆ ಒತ್ತಿದಳೆಂಬುದಕ್ಕೂ ನಮ್ಮಲ್ಲಿ ಆಧಾರವಿಲ್ಲ. ಓದುಗರು ಮನ್ನಿಸಬೇಕು.” ಪತ್ರಿಕೆಯ ಪದ್ಧತಿಯಂತೆ ಅದೇ ಜಾಗ, ಅದೇ ಗಾತ್ರ. ಮೇಲೆ ಮತ್ತೆ ನನ್ನನ್ನೇ ಕೂರಿಸಿದರು. ಗುರುವಾರ ಸಂಚಿಕೆ ಹೊರಗೆ ಹೋಯಿತು.

ಶನಿವಾರ ಟ್ರಿಗ್ ಬಟ್ಟೆ ಒಗೆಯುವ ಮನೆಯಲ್ಲಿ ಕೆಜಾಯಳನ್ನು ಹಿಡಿಸಿದ. ಸೋಮವಾರ ವಿಚಾರಣೆ. ಪೆರಿಮನ್ನರು ಅಲ್ಲಿಗೆ ಹೋಗಲಿಲ್ಲ. ಯಾರಾದರೂ ಪ್ರಮಾಣ ಮಾಡಿಸಿ ಕೇಳಿದರೆ ಏನು ಹೇಳುವುದು ಎಂದು ಹುಲ್ದಾ ತಡೆದಿದ್ದರು. ಇಡೀ ಬೆಳಿಗ್ಗೆ ಅವರು ಬೆರೆತುಹೋದ ಹಳೆಯ ಮೊಳೆಗಳನ್ನು ಬೇರೆ ಬೇರೆ ಗೂಡಿಗೆ ಹಾಕುತ್ತ ಕೂತರು. ತಪ್ಪು ಗೂಡಿಗೆ ಹಾಕಿ ಮತ್ತೆ ತೆಗೆಯುತ್ತಿದ್ದರು. ಮಧ್ಯಾಹ್ನ ಅಬ್ನರ್ ಏದುಸಿರು ಬಿಡುತ್ತ ಬಂದ. ಅವನ ಹಿಂದೆ ಹುಲ್ದಾ.

“ಬಿಟ್ರು” ಎಂದ.

ಪೆರಿಮನ್ನರು ಕೈಯಲ್ಲಿದ್ದ ಮೊಳೆಯನ್ನು ಮೇಜಿನ ಮೇಲಿಟ್ಟರು. “ಸರಿಯಾಗಿ ಹೇಳಿ. ಮೊದಲಿಂದ.”

“ಕಮಿಷನರು ಯಾರು ಗೊತ್ತಲ್ಲ, ನಮ್ಮ ವಿಟ್‌ಬೆಕ್ಕೇ. ಟ್ರಿಗ್ ಮೊದಲ ಪೇಪರ್ ತೆಗೆದು, ನೋಡಿ ಇವರ ಪತ್ರಿಕೆನೇ ಬಲಗೈ ಅಂತಿದೆ ಅಂದ. ನಮ್ಮ ಕಡೆ ವಕೀಲರು ಎದ್ದು ಗುರುವಾರದ್ದು ಕೊಟ್ರು. ಟ್ರಿಗ್ ಮುಖ ಕೆಂಪಾಯ್ತು. ಸ್ವಾಮಿ, ಇದು ಸುಳ್ಳು ತಿದ್ದುಪಡಿ, ನನ್ನ ನೋಡಿ ಹೆದರಿ ಹಾಕಿದಾರೆ ಅಂದ.” ಅಬ್ನರ್ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಂತೆ ನಟಿಸಿದ. “ವಿಟ್‌ಬೆಕ್ ಏನಂದ್ರು ಗೊತ್ತಾ? ‘ನಮ್ಮಪ್ಪನ ವಯಸ್ಸು ಒಂದು ವರ್ಷ ತಪ್ಪಿದ್ದಕ್ಕೆ ಮೊದಲ ಪುಟದಲ್ಲಿ ತಿದ್ದಿದ ಮನುಷ್ಯ ಇವನು. ನಾವು ಕೇಳಿರಲಿಲ್ಲ. ನಮಗೇ ಗೊತ್ತಿರಲಿಲ್ಲ. ಇವನು ತಪ್ಪಾಯ್ತು ಅಂದ್ರೆ ತಪ್ಪಾಗಿದೆ. ಇನ್ನು ಉಳಿದದ್ದು ನಿಮ್ಮ ಕೋರ್ಟಿನ ಕಾಗದ. ಅದು ಎಡಗೈ ಅನ್ನುತ್ತೆ. ಎಡಗೈ ತೋರಿಸಮ್ಮ’ ಅಂದ್ರು. ತೋರಿಸಿದ್ಲು. ಚೆನ್ನಾಗಿ ಇಸ್ತ್ರಿ ಮಾಡಿದ ಬಟ್ಟೆ ಥರ ಇತ್ತು ಕೈ.”

ಹುಲ್ದಾ ಮುಖ ಮುಚ್ಚಿಕೊಂಡು ಕೂತರು. ಪೆರಿಮನ್ನರು ನಗಲಿಲ್ಲ.

“ಅವಳು ಏನಂದ್ಲು?”

“ಏನೂ ಅನ್ನೋ ಹಾಗಿಲ್ವಲ್ಲ ಅಲ್ಲಿ. ಗುರುವಾರದ್ದು ಓದ್ತಾ ಇದ್ದಾಗ ನನ್ನ ಕಡೆ ನೋಡಿದ್ಲು. ಇಸ್ತ್ರಿ ಪೆಟ್ಟಿಗೆಗೆ ಆಧಾರ ಇಲ್ಲ ಅಂತ ಬಂತಲ್ಲ, ಆವಾಗ. ನಾನು ಕಣ್ಣು ಮಿಟುಕಿಸಿದೆ. ಅರ್ಥ ಆಯ್ತೋ ಇಲ್ವೋ.”

“ಆಮೇಲೆ?”

“ಆಮೇಲೇನು, ಟ್ರಿಗ್ ಬೇರೆ ಕಾಗದ ತರಿಸೋಕೆ ಮುಂಚೆ ಅಂತ ಚರ್ಚಿನವರು ಬಾಗಿಲಲ್ಲೇ ಜಾರುಬಂಡಿ ತಂದು ನಿಲ್ಲಿಸಿದ್ರು. ಹುಲ್ದಕ್ಕ ಕಂಬಳಿ ಹೊದಿಸಿದ್ರು, ಹೊರಟೇಹೋಯ್ತು. ಇಷ್ಟೊತ್ತಿಗೆ ಊರು ದಾಟಿ ನಯಾಗರಾ ದಾರಿ ಹಿಡಿದಿರ್ತಾಳೆ. ಅಲ್ಲಿ ಸೇತುವೆ ದಾಟಿದ್ರೆ ಕೆನಡಾ.”

ಪೆರಿಮನ್ನರು ಹುಲ್ದಾ ಕಡೆ ತಿರುಗಿದರು. “ನೀನು ಹೇಳಿದ್ಯಾ ಅವಳಿಗೆ? ಯಾಕೆ ಹಾಗೆ ಹಾಕಿದ್ವಿ ಅಂತ?”

“ಸುತ್ತ ಜನ ಇದ್ರು” ಎಂದರು ಹುಲ್ದಾ. “ಟ್ರಿಗ್ ಹತ್ತು ಹೆಜ್ಜೆ ದೂರದಲ್ಲಿದ್ದ.”

ಅವಳು ಸೇತುವೆ ದಾಟಿದಳೆಂದು ವಾರದೊಳಗೆ ಸುದ್ದಿ ಬಂತು. ಅಲ್ಲಿಂದ ಮುಂದೆ ಯಾವ ಊರಿಗೆ ಹೋದಳೋ ತಿಳಿಯಲಿಲ್ಲ.

ಪತ್ರಿಕೆಗೆ ಆದದ್ದು ಪೆರಿಮನ್ನರು ಹೇಳಿದ ಹಾಗೇ ಆಯಿತು. ದಕ್ಷಿಣದ ಪತ್ರಿಕೆಗಳು ಆ ತಿದ್ದುಪಡಿಯನ್ನು ಒಂದರಿಂದ ಒಂದು ಎತ್ತಿಕೊಂಡು ಹಾಕಿದವು. ಕಪ್ಪು ಸಂಪಾದಕನೇ ಒಪ್ಪಿಕೊಂಡಿದ್ದಾನೆ, ಉಳಿದ ಕಥೆಗಳೂ ಹೀಗೇ ಎಂದು ಬರೆದವು. ಅದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ತಮ್ಮವರ ಮಾತು. ಗುಲಾಮಗಿರಿಯ ವಿರುದ್ಧವೇ ಬರೆಯುತ್ತಿದ್ದ ಇನ್ನೊಂದು ಪತ್ರಿಕೆ, ಇಂಥ ಬೇಜವಾಬ್ದಾರಿಯಿಂದ ಎಲ್ಲರಿಗೂ ಹಾನಿ ಎಂದು ಅವರ ಹೆಸರು ಹಿಡಿದು ಬರೆಯಿತು. ಅದನ್ನು ಓದಿದ ದಿನ ಹುಲ್ದಾ, ಈಗ ಅವಳು ಕೆನಡಾದಲ್ಲಿದ್ದಾಳೆ, ಇನ್ನಾದರೂ ನಿಜ ಬರೆದುಬಿಡಿ ಎಂದರು.

“ಬರೆದ್ರೆ ವಿಟ್‌ಬೆಕ್ ಓದ್ತಾರೆ” ಎಂದರು ಪೆರಿಮನ್ನರು. “ಅವರ ಮುಂದೆ ಇನ್ನೊಬ್ಬರು ನಿಲ್ಲೋ ದಿನ ಬರುತ್ತೆ. ಆವಾಗ ನಮ್ಮ ತಿದ್ದುಪಡಿ ಮೇಲೆ ಅವರಿಗೆ ನಂಬಿಕೆ ಇರಬೇಕು.”

ಅವರು ಬರೆಯಲಿಲ್ಲ. ನನ್ನನ್ನು ಎತ್ತಿ ಮೇಜಿನ ಖಾನೆಯಲ್ಲಿಟ್ಟರು. ಜಾಹೀರಾತುಗಳನ್ನು ಮುಂದೆಯೂ ಹಾಕುತ್ತಿದ್ದರು, ಆದರೆ ನನ್ನನ್ನು ಮತ್ತೆ ತೆಗೆಯಲಿಲ್ಲ. ಖಾನೆಯೊಳಗಿಂದ ಕೇಳಿಸಿದಷ್ಟು ಹೇಳುವುದಾದರೆ, ಓಡಿಬಂದವರ ಕಥೆಗಳನ್ನು ಅವರು ಮೊದಲಿಗಿಂತ ಹೆಚ್ಚು ಕಷ್ಟಪಟ್ಟು ವಿಚಾರಿಸುತ್ತಿದ್ದರು, ಮೊದಲಿಗಿಂತ ಕಡಿಮೆ ಜನ ಅವನ್ನು ನಂಬುತ್ತಿದ್ದರು. ಚಂದಾದಾರರು ಕಡಿಮೆಯಾದರು. ಕೆಲವು ವರ್ಷ ಹೀಗೆ ನಡೆದು ಪತ್ರಿಕೆ ನಿಂತಿತು. ಗುಲಾಮಗಿರಿಯ ವಿಷಯಕ್ಕೇ ಉತ್ತರಕ್ಕೂ ದಕ್ಷಿಣಕ್ಕೂ ಯುದ್ಧ ನಡೆಯುತ್ತಿರುವಾಗ ಪೆರಿಮನ್ನರು ಎದೆಯ ಕಾಯಿಲೆಯಿಂದ ತೀರಿಕೊಂಡರು. ಗುಲಾಮಗಿರಿ ಪೂರ್ತಿ ರದ್ದಾದದ್ದು ಅವರು ಹೋದ ಮೇಲೆ. ಅಬ್ನರ್ ಸೈನ್ಯಕ್ಕೆ ಸೇರಿದವನು ತಿರುಗಿ ಬರಲಿಲ್ಲ. ಹುಲ್ದಾ ಅಚ್ಚುಕೂಟ ಮಾರಿ, ಬಿಡುಗಡೆಯಾದವರಿಗೆ ಪಾಠ ಹೇಳಲು ದಕ್ಷಿಣಕ್ಕೆ ಹೋದರು.

ನನ್ನನ್ನು ಕೊಂಡ ಮುದ್ರಕನಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಬೂಟಿನ ಅಂಗಡಿಯೊಂದರ ಕರಪತ್ರಕ್ಕೆ ನನ್ನನ್ನು ಬಳಸಿದ. ಬೇಗ ಬನ್ನಿ, ಸರಕು ಮುಗಿಯುವುದರೊಳಗೆ ಎಂದು ನನ್ನ ಕೆಳಗೆ ಬರೆದಿತ್ತು. ಆಮೇಲೆ ಅವನ ಮಗ, ಆಮೇಲೆ ಒಂದು ಹರಾಜು. ಈಗ ನಾನು ಅದೇ ಊರಿನ ಚಿಕ್ಕ ವಸ್ತು ಸಂಗ್ರಹಾಲಯದಲ್ಲಿದ್ದೇನೆ. ಗಾಜಿನ ಪೆಟ್ಟಿಗೆ, ಕೆಳಗೆ ಬಿಳಿಯ ಬಟ್ಟೆ. ಬಿಸಿಲು ನೇರ ಬೀಳುವುದಿಲ್ಲ. ಕೋಣೆಯ ಆಚೆ ಓದುವ ಮೇಜಿದೆ, ಅದರ ಪಕ್ಕದ ಕಪಾಟಿನಲ್ಲಿ ‘ಸರೋವರ ಸಾಕ್ಷಿ’ಯ ಸಂಚಿಕೆಗಳನ್ನು ರಟ್ಟು ಕಟ್ಟಿ ಇಟ್ಟಿದ್ದಾರೆ.

ಇತ್ತೀಚೆಗೆ ಒಬ್ಬ ಹುಡುಗಿ ಅವನ್ನು ಓದಲು ಬರುತ್ತಿದ್ದಳು. ಕಾಲೇಜಿನವಳಿರಬೇಕು. ಒಂದು ದಿನ ಅವಳ ಮೇಷ್ಟ್ರೂ ಬಂದಿದ್ದರು.

“ಸರ್, ಇದನ್ನ ತಗೊಳ್ಳಬಹುದು ಅನ್ಸುತ್ತೆ. ಕಾಲರಿನ ಮಡಿಕೆ ತೋರಿಸ್ತೀನಿ ಅಂತ ಕಾದ ಪೆಟ್ಟಿಗೆ ಒತ್ತಿದ್ದು. ಇದನ್ನೆಲ್ಲ ಸುಮ್ಮನೆ ಕಟ್ಟೋಕಾಗುತ್ತಾ?”

ಮೇಷ್ಟ್ರು ಬಗ್ಗಿ ಓದಿದರು. ಎರಡು ಮೂರು ಪುಟ ತಿರುವಿದರು.

“ಮುಂದೆ ನೋಡಿಲ್ವೇನಮ್ಮ? ಇಲ್ಲಿದೆ. ಅವರೇ ವಾಪಸ್ ತಗೊಂಡಿದಾರೆ. ಆ ಹೆಂಗಸನ್ನ ನೋಡೇ ಇಲ್ಲ ಅಂತ.”

“ಒತ್ತಡಕ್ಕೆ ಹಾಕಿರಬಹುದಲ್ವಾ ಸರ್?”

“ಹಾಕಿರಬಹುದು. ಆದ್ರೆ ಅದಕ್ಕೆ ಆಧಾರ ಬೇಕಲ್ಲ. ಈ ಸಂಪಾದಕ ಬಹಳ ಪ್ರಾಮಾಣಿಕ, ಸಣ್ಣಸಣ್ಣದಕ್ಕೂ ತಿದ್ದುಪಡಿ ಹಾಕಿದಾನೆ ನೋಡು. ಇದನ್ನ ಬಿಟ್ಟುಬಿಡು.”

ಹುಡುಗಿ ಪೆನ್ಸಿಲಿನಿಂದ ತಾನು ಬರೆದುಕೊಂಡದ್ದರ ಮೇಲೆ ಗೀಟು ಎಳೆದಳು. ಅವಳದೂ ತಪ್ಪಲ್ಲ, ಮೇಷ್ಟ್ರದೂ ತಪ್ಪಲ್ಲ. ನನಗೆ ಬಾಯಿದ್ದಿದ್ದರೆ ಎಂದುಕೊಂಡೆ. ಆ ಗೀಟಿನಿಂದಲೇ ಇದನ್ನು ಬರೆಯುವ ಮನಸ್ಸು ಬಂದದ್ದು.

ಕಲೆ ಬಲಗೈಯಲ್ಲಿತ್ತು ಎಂದು ನಾನು ಹೇಳಬಲ್ಲೆ, ಅದನ್ನು ನೋಡಿದ್ದೇನೆ. ಪೆಟ್ಟಿಗೆ ಒತ್ತಿದ್ದನ್ನು ನಾನು ನೋಡಿಲ್ಲ. ಅದು ಕೆಜಾಯ ಹೇಳಿದ್ದು, ನಾನು ನಂಬಿದ್ದೇನೆ. ಅವಳು ಕೆನಡಾದಲ್ಲಿ ಎಷ್ಟು ವರ್ಷ ಬದುಕಿದಳೋ ಗೊತ್ತಿಲ್ಲ. ಹೆಸರು ಬರೆಯಲು ಪೂರ್ತಿ ಕಲಿತಳೋ ಇಲ್ಲವೋ ಗೊತ್ತಿಲ್ಲ. ತಾನು ನಂಬಿದವರೇ ತನ್ನ ಮಾತನ್ನು ಅಚ್ಚಿನಲ್ಲಿ ಅಲ್ಲವೆಂದದ್ದು ಏಕೆಂದು ಯಾರಾದರೂ ಅವಳಿಗೆ ಹೇಳಿದರೇ ಎಂಬುದೂ ನನಗೆ ಗೊತ್ತಿಲ್ಲ.